ಅಳಿವೆ ಬಾಗಿಲಿನ ತಕ್ಕಡಿಗೆ ಮುದ್ರೆ ಹಾಕುವವರು ಯಾರು?

ಬಂದರಿನ ಬೀದಿಯಲ್ಲಿ ಅಕ್ಕಿ, ಬೆಲ್ಲ, ಒಣಮೀನು ಮಾರಿ ಸಂಸಾರ ಸಾಗಿಸುವ ಚಿಲ್ಲರೆ ವ್ಯಾಪಾರಿಯ ತಕ್ಕಡಿಗೆ ಸರಕಾರದ ಮುದ್ರೆ ಬೀಳಲೇಬೇಕು. ಮುದ್ರೆಯ ಅವಧಿ ತಪ್ಪಿತೋ, ಇನ್‌ಸ್ಪೆಕ್ಟರು ಬಂದು ದಂಡ ಹಾಕಿ ಹೋಗುತ್ತಾನೆ. ಕಾರ್ಖಾನೆಯ ಗೇಟಿಗೆ ಐದು ನಿಮಿಷ ತಡವಾಗಿ ಬಂದ ಕಾರ್ಮಿಕನ ಕೂಲಿಯಲ್ಲಿ ಕಡಿತವಾಗುತ್ತದೆ. ಬೀಡಿ ಕಟ್ಟುವ ಹೆಂಗಸು ತಂದ ಕಟ್ಟಿನಲ್ಲಿ ಎರಡು ಬೀಡಿ ಸಪೂರವಾಗಿ ಕಂಡರೆ ಇಡೀ ಕಟ್ಟು ಬದಿಗೆ ಬೀಳುತ್ತದೆ. ಇರಲಿ, ಅಳತೆ ಅಳತೆಯೇ. ಬಡವನ ಪಾಲಿಗೆ ಅದರಲ್ಲಿ ರಿಯಾಯಿತಿ ಇಲ್ಲವೆಂಬುದು ನಮಗೆ ಹೊಸದಲ್ಲ. ಆದರೆ ಒಂದು ನದಿಯನ್ನೇ ತಕ್ಕಡಿಯಲ್ಲಿಟ್ಟು, ಇದರಲ್ಲಿ ಇಷ್ಟು ಟಿ.ಎಂ.ಸಿ. ನೀರಿದೆ, ಅದು ವ್ಯರ್ಥವಾಗಿ ಸಮುದ್ರಕ್ಕೆ ಹೋಗುತ್ತಿದೆ, ಆದ್ದರಿಂದ ಇಷ್ಟು ಸಾವಿರ ಕೋಟಿ ರೂಪಾಯಿಯ ಕಾಮಗಾರಿ ಆಗಲೇಬೇಕು ಎಂದು ವೇದಿಕೆಯ ಮೇಲಿಂದ ಸಾರುತ್ತಾರಲ್ಲ, ಆ ತಕ್ಕಡಿಗೆ ಮುದ್ರೆ ಹಾಕಿದವರು ಯಾರು? ಯಾವ ವರ್ಷ? ಯಾರ ಕಣ್ಣೆದುರು?

ಈ ಪ್ರಶ್ನೆಯನ್ನು ನಾವು ಕೇಳುತ್ತಿರುವುದು ನಮ್ಮ ಮಂಗಳೂರಿನ ಅಳಿವೆ ಬಾಗಿಲಿನಲ್ಲಿ ನಿಂತುಕೊಂಡು. ಬಡಗಿನಿಂದ ಗುರುಪುರ ಹೊಳೆ, ಮೂಡಣದಿಂದ ನೇತ್ರಾವತಿ, ಎರಡೂ ಬಂದು ಒಂದೇ ಬಾಯಿಯಿಂದ ಕಡಲಿಗೆ ಇಳಿಯುವ ಜಾಗ ಅದು. ಒಂದು ಕಡೆ ಬೆಂಗ್ರೆಯ ಮರಳುನಾಲಗೆ, ಇನ್ನೊಂದು ಕಡೆ ಉಳ್ಳಾಲ ಕೋಟೆಪುರ. ಹಳೆ ಬಂದರಿನ ದಕ್ಕೆಯಿಂದ ಹೊರಡುವ ಪ್ರತಿಯೊಂದು ಮೀನುಗಾರಿಕೆಯ ಬೋಟು, ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಹೊತ್ತೊಯ್ಯುವ ಪ್ರತಿಯೊಂದು ಮಂಜಿ ಈ ಬಾಗಿಲನ್ನು ದಾಟಿಯೇ ಹೋಗಬೇಕು. ಬಾಗಿಲಿಗೆ ಅಡ್ಡವಾಗಿ ನೀರಿನಡಿ ಮರಳಿನ ದಿಣ್ಣೆ ಕಟ್ಟಿಕೊಂಡರೆ ಬೋಟು ತಳ ಹೊಡೆಯುತ್ತದೆ, ತೆರೆ ಬಡಿದು ಮಗುಚುತ್ತದೆ. ಅಂದು ದಕ್ಕೆಯಲ್ಲಿ ಮೀನಿಲ್ಲ, ಮಂಜುಗಡ್ಡೆಗೆ ಗಿರಾಕಿಯಿಲ್ಲ, ತಲೆಹೊರೆಯವನಿಗೆ ಕೂಲಿಯಿಲ್ಲ, ಬಂದರಿನ ಮಂಡಿಯಲ್ಲಿ ವ್ಯಾಪಾರವಿಲ್ಲ. ಪಣಂಬೂರಿನಲ್ಲಿ ದೊಡ್ಡ ಹಡಗುಗಳ ಹೊಸ ಬಂದರು 1974ರಿಂದ ನಡೆಯುತ್ತಿದೆ, ನಿಜ. ಆದರೆ ದೊಡ್ಡವರ ಬಾಗಿಲು ಅದು. ಸಣ್ಣವರ ಬಾಗಿಲು ಇಂದಿಗೂ ಇದೇ.

ಈ ಊರಿನ ಕಾರ್ಮಿಕನಿಗೆ ಹೊಳೆಯ ಹೂಳಿನ ಸಂಗತಿಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದದ್ದೇ ಈ ಹೊಳೆಗಳು ತಂದುಹಾಕಿದ ಜೇಡಿಮಣ್ಣನ್ನು ನಂಬಿ. ಘಟ್ಟ ಸವೆದು ಬಂದ ಮಣ್ಣನ್ನು ತುಳಿದು, ಅಚ್ಚಿಗೆ ಒತ್ತಿ, ಸುಟ್ಟು, ದೇಶಾಂತರಕ್ಕೆ ಕಳಿಸಿದವರು ನಮ್ಮ ಅಜ್ಜಂದಿರು. ಹೊಳೆ ಬರೀ ನೀರು ತರುವುದಿಲ್ಲ, ಮಣ್ಣನ್ನೂ ಹೊಯ್ಗೆಯನ್ನೂ ತರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ವಿಧಾನಸೌಧದಲ್ಲಿ ಕುಳಿತವರಿಗೆ ಮಾತ್ರ ನದಿಯೆಂದರೆ ಒಂದು ಕೊಳಾಯಿ. ನಿಲ್ಲಿಸದಿದ್ದರೆ ನೀರು ದಂಡ!

'ವ್ಯರ್ಥ' ಎಂಬ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳ ಕೆಂಪುನೀರು ಅಳಿವೆಯಲ್ಲಿ ಮೂರು ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಕಡಲ ತೆರೆಗಳು ಬಾಗಿಲಿಗೆ ತಳ್ಳಿಟ್ಟ ಮರಳನ್ನು ಗುಡಿಸಿ ಹೊರಗೆ ಹಾಕುತ್ತದೆ. ಘಟ್ಟದಿಂದ ತಂದ ಹೊಸ ಹೊಯ್ಗೆಯನ್ನು ಕಡಲ ದಂಡೆಗೆ ಕೊಡುತ್ತದೆ. ಉಳ್ಳಾಲದ, ಬೆಂಗ್ರೆಯ ದಂಡೆ ನಿಂತಿರುವುದು ಈ ವಾರ್ಷಿಕ ಸಂಬಳದ ಮೇಲೆ. ಮೂರನೆಯದಾಗಿ ಉಪ್ಪುನೀರನ್ನು ಕೆಳಗೆ ಒತ್ತಿಹಿಡಿಯುತ್ತದೆ. ಮಳೆ ನಿಂತು ಹೊಳೆ ಬಡಕಲಾದಂತೆ ಉಪ್ಪು ಮೇಲೇರುತ್ತದೆ. ದಡದ ಬಾವಿ ಸಪ್ಪೆ ಹೋಗಿ ಉಪ್ಪಾಗುತ್ತದೆ. ನಗರಕ್ಕೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟು 2016ರ ಮೇ ತಿಂಗಳಲ್ಲಿ ಬತ್ತಿ, ಮಂಗಳೂರಿನ ಜನ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಿದ್ದನ್ನು ನಾವು ಮರೆತಿಲ್ಲ. ಇಷ್ಟು ದುಡಿಯುವ ನೀರನ್ನು ದಂಡದ ನೀರೆಂದು ಕರೆಯುವವರು, ಅದರ ದುಡಿಮೆಯನ್ನು ಒಂದು ದಿನವಾದರೂ ಅಳೆದಿದ್ದಾರೆಯೇ?

ಅಳೆದಿದ್ದೇವೆ, ಎನ್ನುತ್ತಾರೆ. ಎಲ್ಲಿ ಎಂದರೆ, ಬಂಟ್ವಾಳದಲ್ಲಿ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಅಲ್ಲಿದೆ. ಅದರ ಕೆಲಸವನ್ನು ನಾವು ಹಳಿಯುವುದಿಲ್ಲ, ದಶಕಗಳ ದಾಖಲೆ ಅಲ್ಲಿದೆ. ಆದರೆ ಬಂಟ್ವಾಳದ ಅಂಕಿ ಅಳಿವೆಯ ಅಂಕಿಯಲ್ಲ. ಬಂಟ್ವಾಳದಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಅಲ್ಲಿಂದ ಕೆಳಗೆ ತುಂಬೆಯ ಕಟ್ಟೆ ಇದೆ, ಕುಡಿಯಲಿಕ್ಕೂ ಕೈಗಾರಿಕೆಗೂ ಎತ್ತುವ ಪಂಪುಗಳಿವೆ, ಮರಳು ತೆಗೆಯುವ ದೋಣಿಗಳಿವೆ. ಕೊನೆಗೆ ಗುರುಪುರ ಹೊಳೆಯೇ ಬೇರೆ ಬಂದು ಕೂಡುತ್ತದೆ. ಗಿರಣಿಯ ಗೋದಾಮಿನಲ್ಲಿ ಹತ್ತಿ ತೂಗಿ, ಬಾಗಿಲಲ್ಲಿ ಹೊರಟ ಬಟ್ಟೆಯ ಲೆಕ್ಕ ಬರೆದಂತಾಯಿತು ಇದು. ಅಂಥ ಲೆಕ್ಕ ಬರೆದ ಗುಮಾಸ್ತನನ್ನು ಯಾವ ಧಣಿ ಇಟ್ಟುಕೊಂಡಾನು?

ಅಳಿವೆಯಲ್ಲಿ ಅಳೆಯುವುದು ಕಷ್ಟ, ಒಪ್ಪೋಣ. ಅಲ್ಲಿ ನೀರು ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಬೆಳಿಗ್ಗೆ ಹತ್ತಕ್ಕೆ ಜೀಪಿನಲ್ಲಿ ಬಂದು, ಒಮ್ಮೆ ಅಳೆದು, ಊಟಕ್ಕೆ ಹೋದರೆ ಅದು ಅಳತೆಯಲ್ಲ. ದಡದಿಂದ ದಡಕ್ಕೆ ದೋಣಿ ಹಾಯಿಸುತ್ತ ಇಡೀ 25 ಗಂಟೆ ಅಳೆಯಬೇಕು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ಒಮ್ಮೆ, ಅಷ್ಟಮಿಯ ಸಣ್ಣ ಉಬ್ಬರದಲ್ಲಿ ಒಮ್ಮೆ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಮಳೆ ಮುಗಿದ ಮೇಲೆ. ಇನ್ನೊಂದು ಚೋದ್ಯವೆಂದರೆ ಉಪ್ಪುನೀರು ಭಾರ, ಸಿಹಿನೀರು ಹಗುರ. ಮೇಲಿನ ಸಿಹಿನೀರು ಕಡಲಿಗೆ ಹೋಗುತ್ತಿರುವಾಗಲೇ ಅಡಿಯಲ್ಲಿ ಉಪ್ಪುನೀರು ಒಳಕ್ಕೆ ನುಗ್ಗುತ್ತಿರುತ್ತದೆ. ದಡದಲ್ಲಿ ನಿಂತು ತೇಲುವ ತೆಂಗಿನಕಾಯಿಯನ್ನು ನೋಡಿದವನಿಗೆ ಅರ್ಧ ಸತ್ಯ ಮಾತ್ರ ಕಾಣುತ್ತದೆ. ಶಬ್ದದ ಅಲೆ ಕಳಿಸಿ ನೀರಿನ ವೇಗವನ್ನು ತಳದವರೆಗೆ ಪದರ ಪದರವಾಗಿ ಓದುವ ಯಂತ್ರಗಳು ಈಗ ಇವೆ; ಒಂದು ದೋಣಿಯ ಬದಿಗೆ ಕಟ್ಟಿದರೆ ಸಾಕು. ಅವು ಚಂದ್ರಲೋಕದ ಸರಕಲ್ಲ.

ಹೂಳಿನ ಲೆಕ್ಕ ಇನ್ನೂ ಸೂಕ್ಷ್ಮ. ನೀರಿನಲ್ಲಿ ಕದಡಿಕೊಂಡು ತೇಲುವ ಒಂಡನ್ನು ಬಾಟಲಿಯಲ್ಲಿ ಹಿಡಿಯಬಹುದು, ಸೋಸಿ ಒಣಗಿಸಿ ತೂಗಬಹುದು. ಆದರೆ ತಳದಲ್ಲಿ ಉರುಳುತ್ತ ಹೋಗುವ ಹೊಯ್ಗೆ ಬಾಟಲಿಗೆ ಸಿಕ್ಕುವುದಿಲ್ಲ. ಅದನ್ನು ತಿಳಿಯಬೇಕಾದರೆ ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಹೊಳೆಯ ತಳದ ಆಳವನ್ನೆಲ್ಲ ಅಳೆದು ಹೋಲಿಸಬೇಕು. ಬಹಳ ಮುಖ್ಯವಾದ ಮಾತೆಂದರೆ, ನೀರು ಎರಡು ಪಟ್ಟಾದರೆ ಮರಳು ಎರಡು ಪಟ್ಟಾಗುವುದಿಲ್ಲ; ಅದಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ. ವರ್ಷದ ಸಾಗಾಟದ ಬಹುಭಾಗ ಕೆಲವೇ ನೆರೆಯ ದಿನಗಳಲ್ಲಿ ನಡೆದುಹೋಗುತ್ತದೆ. 1923ರ ಮಹಾನೆರೆ, 1974ರ ನೆರೆ ಈ ಊರಿನ ಹಿರಿಯರ ಬಾಯಲ್ಲಿ ಉಳಿದಿರುವುದು ಮುಳುಗಿದ ಮನೆಗಳಿಂದಾಗಿ. ಆ ಕೆಲವು ದಿನಗಳಲ್ಲಿ ಅಳಿವೆ ಎಷ್ಟು ಮರಳನ್ನು ಕಡಲಿಗೆ ಎಸೆದಿರಬಹುದೆಂಬುದು ಯಾರ ಬಾಯಲ್ಲೂ ಇಲ್ಲ. ಅಳೆಯಲೇಬೇಕಾದ ದಿನವೆಂದರೆ ಕಚೇರಿಯ ದೋಣಿಯನ್ನು ಭಯದಿಂದ ದಡಕ್ಕೆ ಕಟ್ಟಿಹಾಕುವ ದಿನವೇ.

ಇಷ್ಟಾದ ಮೇಲೆ ಬರುತ್ತದೆ 'ಮಾಡೆಲ್' ಎಂಬ ಮಾಯಾಮಂತ್ರ. ಸಭೆಯಲ್ಲಿ ಮೀನುಗಾರನೊಬ್ಬ ಎದ್ದು ಪ್ರಶ್ನೆ ಕೇಳಿದರೆ ಸಾಹೇಬರು ಪರದೆಯ ಮೇಲೆ ನೀಲಿ, ಹಳದಿ, ಕೆಂಪು ಬಣ್ಣದ ಚಿತ್ರ ಬಿಡುತ್ತಾರೆ. ಕಂಪ್ಯೂಟರು ಹೇಳಿದೆ, ಇನ್ನೇನಿದೆ? ಇದಕ್ಕೆ ಹೆದರಬೇಕಾಗಿಲ್ಲ. ಮಾಡೆಲೆಂದರೆ ಇಷ್ಟೆ: ಹೊಳೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಗೆರೆ ಹಾಕುತ್ತಾರೆ. ಪ್ರತಿ ಚೌಕದ ಆಳ, ಮರಳಿನ ಕಾಳಿನ ಗಾತ್ರ, ಮೇಲಿಂದ ಬರುವ ನೀರು, ಕಡಲಿನಿಂದ ಬರುವ ಉಬ್ಬರ ಮತ್ತು ತೆರೆ ಇವನ್ನೆಲ್ಲ ಯಂತ್ರಕ್ಕೆ ಊಡುತ್ತಾರೆ. ಯಂತ್ರ ಗಳಿಗೆ ಗಳಿಗೆಗೆ ಒಂದು ಚೌಕದಿಂದ ಇನ್ನೊಂದಕ್ಕೆ ಎಷ್ಟು ನೀರು, ಎಷ್ಟು ಮರಳು ಸಾಗಿತೆಂದು ಕೂಡಿ ಕಳೆಯುತ್ತದೆ. ಒಂದು ವರ್ಷದ ನಿಜವಾದ ಅಳತೆಗೆ ಹೊಂದುವಂತೆ ಅದರ ಕಿವಿ ಹಿಂಡಿ, ಬಳಿಕ ಇನ್ನೊಂದು ವರ್ಷದ ಅಳತೆಯೆದುರು ಪರೀಕ್ಷಿಸಬೇಕು. ಆ ಪರೀಕ್ಷೆಯಲ್ಲಿ ಪಾಸಾದರೆ ಅದು ವಿಜ್ಞಾನ. ಪರೀಕ್ಷೆಯೇ ನಡೆಯದಿದ್ದರೆ ಅದು ಗಿಳಿಶಾಸ್ತ್ರ; ವ್ಯತ್ಯಾಸವೇನೆಂದರೆ ಗಿಳಿಯ ಖರ್ಚು ಕಡಿಮೆ. ನೂಲು ಹಾಕದ ಮಗ್ಗದಿಂದ ಬಟ್ಟೆ ಬಾರದು, ಅಳತೆ ಹಾಕದ ಮಾಡೆಲಿನಿಂದ ಸತ್ಯ ಬಾರದು. ನಮ್ಮ ಜಗಳ ವಿಜ್ಞಾನದೊಂದಿಗೆ ಅಲ್ಲ, ವಿಜ್ಞಾನದ ಅಂಗಿ ತೊಟ್ಟ ಕಂಟ್ರಾಕ್ಟಿನೊಂದಿಗೆ.

ಅಳತೆ ಸಾಲದೆ ಕಟ್ಟಿದರೆ ಏನಾಗುತ್ತದೆಂದು ಉಳ್ಳಾಲದ ಜನರನ್ನು ಕೇಳಿ. ಬೋಟುಗಳಿಗೆ ದಾರಿ ಸುಗಮವಾಗಲೆಂದು 1990ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಕಲ್ಲಿನ ತಡೆಗೋಡೆ ಕಟ್ಟಿದರು. ಉದ್ದೇಶ ಒಳ್ಳೆಯದೇ, ದೋಣಿಯವರು ಬಹಳ ವರ್ಷ ಕೇಳಿಕೊಂಡದ್ದೂ ಹೌದು. ಆದರೆ ಕಡಲ ಕರೆಯಲ್ಲಿ ಮರಳು ಸುಮ್ಮನೆ ಬಿದ್ದಿರುವುದಿಲ್ಲ, ಋತುವಿಗೆ ತಕ್ಕಂತೆ ದಂಡೆಯ ಉದ್ದಕ್ಕೂ ಹೋಗಿ ಬರುತ್ತಿರುತ್ತದೆ. ಅದರ ದಾರಿಗೆ ಗೋಡೆ ಅಡ್ಡ ಬಂದ ಮೇಲೆ ಬೆಂಗ್ರೆಯ ಕಡೆ ಮರಳು ಕೂಡುತ್ತ, ಉಳ್ಳಾಲದ ಕಡೆ ದಂಡೆ ಕರಗುತ್ತ ಹೋಯಿತು. ಮುಂದೆ ಪ್ರತಿ ಮಳೆಗಾಲದ ಕಥೆ ನಿಮಗೇ ಗೊತ್ತು: ತೆಂಗು ಬೀಳುತ್ತದೆ, ಮನೆ ಬೀಳುತ್ತದೆ, ಮಂತ್ರಿಗಳು ಬರುತ್ತಾರೆ, ಲಾರಿಗಟ್ಟಲೆ ಕರಿಕಲ್ಲು ಕಡಲಿಗೆ ಬೀಳುತ್ತದೆ. ಬಿದ್ದ ಕಲ್ಲನ್ನು ಕಡಲು ನುಂಗಿದರೆ ಮುಂದಿನ ವರ್ಷ ಇನ್ನಷ್ಟು ಕಲ್ಲು. ಎಷ್ಟು ಲೋಡು ಬಿತ್ತೆಂದು ನೀರಿನಡಿ ಮುಳುಗಿ ಎಣಿಸುವವರುಂಟೇ? 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಮಂಜೂರಾಗಿ ಉಳ್ಳಾಲದ ಎದುರು ಕಡಲಲ್ಲಿ ದಿಣ್ಣೆಗಳನ್ನೇ ಕಟ್ಟಿದರು. ಕೊರೆತ ತೆಂಕಲಾಗಿ ಸೋಮೇಶ್ವರ ಉಚ್ಚಿಲದ ಕಡೆಯೂ ಕಾಣಿಸಿತು. ಸಾಲ ತೀರಿಸುವವರು ನೀವು ನಾವು.

ಈಗ ಘಟ್ಟದ ಮೇಲೆ ಹೋಗೋಣ, ಏಕೆಂದರೆ ಅಳಿವೆಯ ಹಣೆಬರಹ ಬರೆಯುವುದು ಅಲ್ಲಿ. ಸಕಲೇಶಪುರ ತಾಲೂಕಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಇವೆಲ್ಲ ಕುಮಾರಧಾರೆಯ ಮೂಲಕ ನೇತ್ರಾವತಿಗೆ ಬರುವ ನೀರು. ಇವಕ್ಕೆ ಎಂಟು ಕಟ್ಟೆ ಕಟ್ಟಿ, 24.01 ಟಿ.ಎಂ.ಸಿ. ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬಯಲುಸೀಮೆಗೆ ಒಯ್ಯುವ ಯೋಜನೆಗೆ 2014ರ ಮಾರ್ಚಿನಲ್ಲಿ ಅಡಿಗಲ್ಲು ಬಿತ್ತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. 2012ರಲ್ಲಿ ಸುಮಾರು 8,323 ಕೋಟಿ ಎಂದಿದ್ದ ಅಂದಾಜು 2014ಕ್ಕೆ 12,912 ಕೋಟಿಯಾಯಿತು, 2023ಕ್ಕೆ 23,251 ಕೋಟಿ ದಾಟಿತು. ರೂಪಾಯಿ ಹೀಗೆ ಉಬ್ಬಿದರೂ ನೀರು ಮಾತ್ರ ಅಂದಿನಿಂದ ಅದೇ 24.01!

ಒಂದು ಪೆನ್ಸಿಲು ತೆಗೆದುಕೊಳ್ಳಿ. 24 ಟಿ.ಎಂ.ಸಿ. ಎಂದರೆ ಸುಮಾರು 68 ಕೋಟಿ ಘನಮೀಟರು. ಆ ಹಳ್ಳಗಳಿಗೆ ನೀರು ಕೊಡುವ ನೆಲ ಸುಮಾರು 180 ಚದರ ಕಿಲೋಮೀಟರು. ಭಾಗಿಸಿದರೆ ಮೂರೂಮುಕ್ಕಾಲು ಮೀಟರಿಗೂ ಮಿಕ್ಕಿ ಬರುತ್ತದೆ. ಅಂದರೆ ಆ ನೆಲದ ಪ್ರತಿ ಅಂಗುಲದಿಂದಲೂ ಅಷ್ಟು ಎತ್ತರದ ನೀರು ಹರಿದು ಬಂದು ಪೈಪಿಗೆ ಬೀಳಬೇಕು; ಕಾಡು ಕುಡಿಯಬಾರದು, ನೆಲ ಹೀರಬಾರದು, ಬಿಸಿಲಿಗೆ ಆರಬಾರದು, ಕೆಳಗಿನ ಹೊಳೆಗೆ ಒಂದು ಹನಿ ಬಿಡಬಾರದು. ಅಲ್ಲಿ ನಾಲ್ಕೈದು ಮೀಟರು ಮಳೆ ಬೀಳುವ ವರ್ಷಗಳಿವೆ, ಅಷ್ಟು ಬೀಳದ ವರ್ಷಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಲೆಕ್ಕ ಹಾಕಿ, ಆ ಹಳ್ಳಗಳ ಒಟ್ಟು ಇಳುವರಿಯೇ 9.55 ಟಿ.ಎಂ.ಸಿ. ಎಂದರು. ಒಂದೇ ಹಳ್ಳದ ನೀರು ಒಬ್ಬರ ತಕ್ಕಡಿಯಲ್ಲಿ 24, ಇನ್ನೊಬ್ಬರ ತಕ್ಕಡಿಯಲ್ಲಿ 9.55! ಎರಡೂವರೆ ಪಟ್ಟು ಅಂತರ. ಯಾವುದನ್ನೂ ನಾವು ದೇವವಾಕ್ಯವೆಂದು ತಲೆಯ ಮೇಲೆ ಹೊರುವುದಿಲ್ಲ. ಆದರೆ ಅಂಗಡಿಯವನ ಎರಡು ತಕ್ಕಡಿಗಳಲ್ಲಿ ಹೀಗಾದರೆ ಮೊದಲು ಅಂಗಡಿಗೆ ಬೀಗ ಬೀಳುತ್ತದೆ, ಆಮೇಲೆ ವಿಚಾರಣೆ. ಇಲ್ಲಿ ವಿಚಾರಣೆಗೆ ಮೊದಲೇ ಪೈಪು ಬಂದು ಬಿತ್ತು.

ಕೋಲಾರದ ರೈತ ನಮ್ಮ ವೈರಿಯೆಂದು ಯಾರಾದರೂ ನಿಮ್ಮ ಕಿವಿಯಲ್ಲಿ ಊದಿದರೆ ನಂಬಬೇಡಿ. ಸಾವಿರ ಅಡಿ ಕೊರೆದು ಫ್ಲೋರೈಡಿನ ನೀರು ಕುಡಿದವನು ಅವನು. ಅವನಿಗೆ ನೀರು ಸಿಗಬೇಕು. ಆದರೆ 24 ಎಂದು ಕಾಗದ ಬರೆದುಕೊಟ್ಟು ತೂಕದಲ್ಲಿ ಹೊಡೆದರೆ ಮೊದಲು ಮೋಸ ಹೋಗುವವನು ಅವನೇ. ಯೋಜನೆಯ ಕಾಗದದಲ್ಲಿ ಸುಮಾರು 14 ಟಿ.ಎಂ.ಸಿ. ಕುಡಿಯಲಿಕ್ಕೆ, 10 ಟಿ.ಎಂ.ಸಿ. 527 ಕೆರೆಗಳಿಗೆ. ನೀರು ಅರ್ಧಕ್ಕೆ ಇಳಿದರೆ ಕಡಿತ ಬೀಳುವುದು ಯಾವ ಕೆರೆಗೆ? ಪೈಪಿನ ತುದಿಯಲ್ಲಿರುವವನ ಕೆರೆಗೆ. ಕರಾವಳಿಯ ಮೀನುಗಾರ ಮತ್ತು ಬಯಲುಸೀಮೆಯ ರೈತ ಪರಸ್ಪರ ಬೈದುಕೊಳ್ಳುತ್ತಿದ್ದರೆ, ನಡುವೆ ನಿಂತು ತಕ್ಕಡಿ ಹಿಡಿದವನ ಕೈಯನ್ನು ಯಾರೂ ನೋಡುವುದಿಲ್ಲ.

ಸರಕಾರದ ಕಡೆಯ ವಾದವನ್ನೂ ಹೇಳಿಬಿಡೋಣ. ನೇತ್ರಾವತಿಯ ಒಟ್ಟು ನೀರಿನಲ್ಲಿ ಇದು ಸಣ್ಣ ಪಾಲು, ಅದೂ ಮಳೆಗಾಲದ ನೆರೆನೀರು ಮಾತ್ರ, ಎನ್ನುತ್ತಾರೆ. ಸಣ್ಣ ಪಾಲೆಂಬುದು ನಿಜವೇ ಇರಬಹುದು. ಆದರೆ ಹೊಯ್ಗೆ ಸಾಗುವುದು ನೆರೆಯ ದಿನಗಳಲ್ಲೇ ಎಂದು ಮೇಲೆ ನೋಡಿದೆವು. ಮೇಲೆ ಎಂಟು ಕಟ್ಟೆ, ಕೆಳಗೆ ಶಂಭೂರಿನ ವಿದ್ಯುತ್ ಕಟ್ಟೆ, ಅದರ ಕೆಳಗೆ ತುಂಬೆ; ಪ್ರತಿಯೊಂದನ್ನೂ ಕಟ್ಟುವಾಗ ಇದು ಸಣ್ಣದು ಎಂದರೆ, ಸಣ್ಣವುಗಳ ಮೊತ್ತವನ್ನು ಕೂಡುವವರು ಯಾರು? ಆ ಮೊತ್ತ ಕಾಣಿಸುವ ಜಾಗ ಒಂದೇ: ಅಳಿವೆ. ಪಾಲು ಸಣ್ಣದಾದರೆ ಅಲ್ಲಿ ಅಳೆದು ತೋರಿಸಿ, ನಾವು ಬಾಯಿ ಮುಚ್ಚುತ್ತೇವೆ.

ಲೆಕ್ಕ ಕೇಳಿದವನ ಗತಿ ಈ ದೇಶದಲ್ಲಿ ಏನಾಗುತ್ತದೆಂಬುದಕ್ಕೆ ಬಂಗಾಳದ ಒಂದು ಉದಾಹರಣೆ ಇದೆ. ಅದೂ ನದೀಮುಖದ ಹೂಳಿನ ಸಂಗತಿಯೇ. ಕಲ್ಕತ್ತೆಯ ಬಂದರು ಹೂಗ್ಲಿಯ ಹೂಳಿನಿಂದ ಮುಚ್ಚುತ್ತಿದೆ, ಫರಕ್ಕಾದಲ್ಲಿ ಗಂಗೆಗೆ ಅಡ್ಡಗಟ್ಟೆ ಕಟ್ಟಿ 40,000 ಕ್ಯುಸೆಕ್ಸ್ ನೀರನ್ನು ಕಾಲುವೆಯಲ್ಲಿ ತಿರುಗಿಸಿದರೆ ಹೂಳು ತೊಳೆದುಹೋಗುತ್ತದೆ ಎಂದರು. ರಾಜ್ಯದ ನೀರಾವರಿ ಇಲಾಖೆಯ ಇಂಜಿನಿಯರ್ ಕಪಿಲ ಭಟ್ಟಾಚಾರ್ಯರು 1960ರ ದಶಕದ ಆರಂಭದಲ್ಲೇ ಲೆಕ್ಕ ಹಾಕಿ, ಇದರಿಂದ ಬಂದರು ಉಳಿಯದು, ಕಟ್ಟೆಯ ಹಿಂದೆ ಹೂಳು ತುಂಬಿ ಮಾಲ್ಡಾ, ಮುರ್ಷಿದಾಬಾದ್, ಬಿಹಾರಗಳಿಗೆ ನೆರೆ ಬಂದೀತು ಎಂದು ಬರೆದರು. ಲೆಕ್ಕಕ್ಕೆ ಲೆಕ್ಕದಿಂದ ಉತ್ತರ ಕೊಡುವ ಬದಲು ಅವರನ್ನು ಪಾಕಿಸ್ತಾನದ ಏಜೆಂಟ್ ಎಂದು ಕರೆದರು. ಅವರು ಕೆಲಸ ಬಿಟ್ಟರು. 1975ರಲ್ಲಿ ಫರಕ್ಕಾ ಚಾಲನೆಗೆ ಬಂತು. ಕಲ್ಕತ್ತೆಗೆ ಹೂಳೆತ್ತುವ ಖರ್ಚು ತಪ್ಪಲಿಲ್ಲ, ಆಳದ ಹಡಗುಗಳಿಗೆ ಕೆಳಗಿನ ಹಲ್ದಿಯಾ ಗತಿಯಾಯಿತು. ಮಾಲ್ಡಾ ಮುರ್ಷಿದಾಬಾದುಗಳಲ್ಲಿ ಹಳ್ಳಿಗೆ ಹಳ್ಳಿಯೇ ಗಂಗೆಯ ಪಾಲಾಯಿತು. 2016ರಲ್ಲಿ ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರರೇ ಆ ಕಟ್ಟೆಯನ್ನು ತೆಗೆಯಿರಿ ಎಂದು ಪ್ರಧಾನಿಗೆ ಹೇಳಬೇಕಾಯಿತು. ಭಟ್ಟಾಚಾರ್ಯರು ಅಷ್ಟು ಹೊತ್ತಿಗೆ ಬದುಕಿರಲಿಲ್ಲ.

ನಮ್ಮಲ್ಲಿ ಅಳೆಯುವುದೇ ಇಲ್ಲವೆಂದರೆ ಸುಳ್ಳಾದೀತು. ಮರಳು ಮಾರಬೇಕಾದಾಗ ಅಳೆಯುತ್ತಾರೆ! 2011ರ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಮರಳುಗಾರಿಕೆಗೆ ನಿಷೇಧವಿತ್ತು, ದೋಣಿ ಸಂಚಾರಕ್ಕೆ ಅಡ್ಡವಾದ ದಿಬ್ಬವನ್ನು ಸಾಂಪ್ರದಾಯಿಕ ಮರಳುಗಾರರು ಕೈಯಿಂದ ತೆಗೆಯಲು ಮಾತ್ರ ಅವಕಾಶವಿತ್ತು. ದಿಬ್ಬ ಎಲ್ಲಿದೆ ಎಂದು ತೋರಿಸಲು ಹೊಳೆಯ ತಳದ ಸರ್ವೆ ಆಗಬೇಕಿತ್ತು, ಆಗುತ್ತಿತ್ತು. ಅಂದರೆ ಯಂತ್ರ ಇದೆ, ದೋಣಿ ಇದೆ, ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ ಬಲ್ಲವರೂ ಇದ್ದಾರೆ. ಇಲ್ಲದಿರುವುದು ಒಂದೇ, ಮಾರಾಟಕ್ಕಲ್ಲದ ಅಳತೆಗೆ ದುಡ್ಡು ಬಿಚ್ಚುವ ಮನಸ್ಸು. ಉತ್ತರದಿಂದ ಬಂದ ಕೂಲಿಯವನು ಉಸಿರು ಕಟ್ಟಿ ಮುಳುಗಿ ಬುಟ್ಟಿ ಬುಟ್ಟಿಯಾಗಿ ಎತ್ತಿದ ಹೊಯ್ಗೆಗೆ ಲೋಡಿನ ಲೆಕ್ಕ ಉಂಟು. ಹೊಳೆ ತಾನೇ ವರ್ಷಕ್ಕೆ ಎಷ್ಟು ತಂದಿತು, ಕಡಲಿಗೆ ಎಷ್ಟು ಕೊಟ್ಟಿತು ಎಂಬ ಲೆಕ್ಕವಿಲ್ಲದೆ ಎತ್ತಿದ್ದು ಹೆಚ್ಚೋ ಕಡಿಮೆಯೋ ಹೇಗೆ ತಿಳಿಯಬೇಕು?

ಆದ್ದರಿಂದ ನಾವು ಕೇಳುವುದು ಇಷ್ಟು. ಅಳಿವೆಯಲ್ಲಿ ವರ್ಷಪೂರ್ತಿ ಕೆಲಸ ಮಾಡುವ ಸಾರ್ವಜನಿಕ ಮಾಪನ ಕೇಂದ್ರವೊಂದು ಬೇಕು. ನೀರು, ಉಪ್ಪು, ಹೂಳು ಮೂರನ್ನೂ ಅಳೆಯಬೇಕು, ನೆರೆಯ ದಿನಗಳಲ್ಲಂತೂ ತಪ್ಪದೆ. ಮಳೆಗೆ ಮುಂಚೆ ಮತ್ತು ಅನಂತರ ಎರಡು ಸಲ ತಳದ ಸರ್ವೆಯಾಗಬೇಕು. ಯಾವ ಕಟ್ಟೆಗೂ ಗೋಡೆಗೂ ಮಾಡೆಲ್ ತೋರಿಸಿದರೆ, ಅದಕ್ಕೆ ಊಡಿದ ಅಂಕಿಗಳನ್ನೂ ಅದು ಎದುರಿಸಿದ ಪರೀಕ್ಷೆಯನ್ನೂ ಕನ್ನಡದಲ್ಲಿ ಅಚ್ಚು ಹಾಕಿ ಪಂಚಾಯತಿಗಳಿಗೆ, ಮೀನುಗಾರರ ಸಹಕಾರ ಸಂಘಗಳಿಗೆ ಕೊಡಬೇಕು. ಅಳತೆಯ ದೋಣಿಯಲ್ಲಿ ಬೆಂಗ್ರೆಯ, ಉಳ್ಳಾಲದ ತಾಂಡೇಲರಿಗೆ ಸಂಬಳದ ಕೆಲಸ ಸಿಗಬೇಕು. ಅಳಿವೆಯ ತಳವನ್ನು ಕಾಲಿನಿಂದ ಬಲ್ಲವರು ಅವರು. 23 ಸಾವಿರ ಕೋಟಿಯ ಪೈಪಿನ ಲೆಕ್ಕದೆದುರು ಇದರ ಖರ್ಚು ಚಹಾದಂಗಡಿಯ ಚಿಲ್ಲರೆ.

ಅಷ್ಟರವರೆಗೆ ಸುಮ್ಮನೆ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಕಳೆದ ಹತ್ತು ವರ್ಷಗಳಲ್ಲಿ ಅಳಿವೆಯಲ್ಲಿ ನೀರಿನ ಹರಿವನ್ನು ಯಾವ ಯಾವ ದಿನ ಅಳೆಯಲಾಗಿದೆ, ಪ್ರತಿ ವರ್ಷ ಎಷ್ಟು ಹೂಳು ಕಡಲಿಗೆ ಹೋಗಿದೆ, ಉಳ್ಳಾಲದ ಕಡಲಿಗೆ ಈವರೆಗೆ ಎಷ್ಟು ಲೋಡು ಕಲ್ಲು ಹಾಕಲಾಗಿದೆ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಯೂನಿಯನ್ನಿನಿಂದ, ಪ್ರತಿ ವರ್ತಕರ ಸಂಘದಿಂದ ಒಂದೊಂದು ಅರ್ಜಿಯಲ್ಲಿ ಬರೆದು, ಬಂದರು ಇಲಾಖೆಗೂ ಜಿಲ್ಲಾಧಿಕಾರಿಗಳ ಕಚೇರಿಗೂ ಕೊಡಿ. ಉತ್ತರಕ್ಕೆ 30 ದಿನಗಳ ಗಡುವು. ಬಂದ ಉತ್ತರವನ್ನು, ಬರದಿದ್ದರೆ ಅರ್ಜಿಯ ರಸೀದಿಯನ್ನು, ಈ ಪತ್ರಿಕೆಗೆ ಕಳಿಸಿ. ದಕ್ಕೆಯ ಗೋಡೆಗೆ ಅಂಟಿಸುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ.